ದೂಳಿನ ಟ್ರ್ಯಾಕ್‌ಗೆ ಕ್ಯಾಮೆರಾ ಹಿಡಿದು ಹೊರಟವರ ಲೆಕ್ಕ: ಲೆನ್ಸ್ ಸಾಲಕ್ಕಿಂತ ಮೊದಲು ದಿನಗಳನ್ನು ಎಣಿಸಬೇಕು

ರಾಮನಗರ: ಸಂಕ್ರಾಂತಿ ಮುಗಿದರೆ ಸಾಕು, ಎತ್ತಿನಗಾಡಿ ಓಟದ ಫ್ಲೆಕ್ಸ್‌ಗಳು ಊರೂರ ಸರ್ಕಲ್‌ನಲ್ಲಿ ಏಳುತ್ತವೆ. ಓಟದ ದಿನ ಗದ್ದೆ ಬದುವಿನ ಮೇಲೆ ಜನ ಕಿಕ್ಕಿರಿದು ನಿಂತಿರುತ್ತಾರೆ. ಅವರ ಮಧ್ಯೆ ಈಗ ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡ ಹುಡುಗರೂ ಕಾಣಿಸುತ್ತಾರೆ. ಇವರು ಸ್ಟುಡಿಯೋದವರಲ್ಲ, ಪತ್ರಿಕೆಯವರೂ ಅಲ್ಲ. ವಾರವಿಡೀ ಅಂಗಡಿ, ಫ್ಯಾಕ್ಟರಿ, ರೇಷ್ಮೆ ಮನೆ ಕೆಲಸ ಮಾಡಿ ಭಾನುವಾರ ಮಾತ್ರ ಕ್ಯಾಮೆರಾ ಹಿಡಿಯುವವರು. ಎತ್ತಿನ ಓಟ ಆಯ್ತು, ಮುಂದೆ ಬೈಕ್ ರೇಸ್, ಜೀಪ್ ರೇಸ್, ರ‍್ಯಾಲಿ ಎಲ್ಲವನ್ನೂ ತೆಗೆಯಬೇಕು ಅನ್ನೋದು ಇವರ ಆಸೆ.

ಆಸೆ ತಪ್ಪಲ್ಲ. ಆದರೆ ಹೆಚ್ಚಿನವರು ಮೊದಲ ಹೆಜ್ಜೆಯಲ್ಲೇ ಕೈ ಸುಟ್ಟುಕೊಳ್ಳುತ್ತಾರೆ. ಫೈನಾನ್ಸ್‌ನಲ್ಲಿ ದೊಡ್ಡ ಲೆನ್ಸ್ ತೆಗೆದುಕೊಂಡು, ತಿಂಗಳ ಕಂತು ಶುರುವಾದ ಮೇಲೆ ರೇಸ್‌ಗೆ ಹೋಗಲು ಪೆಟ್ರೋಲ್‌ಗೂ ಕಾಸಿಲ್ಲದ ಸ್ಥಿತಿಗೆ ಬರುತ್ತಾರೆ. ಲೆನ್ಸ್ ಬೀರುವಿನಲ್ಲಿ, ಹುಡುಗ ಅಂಗಡಿಯಲ್ಲಿ. ಕೊನೆಗೆ ಅರ್ಧ ರೇಟಿಗೆ ಮಾರಾಟ. ಬೆಂಗಳೂರು ದಕ್ಷಿಣ ಎಂದು 2025ರಲ್ಲಿ ಹೊಸ ಹೆಸರು ಪಡೆದ ನಮ್ಮ ಜಿಲ್ಲೆಯಲ್ಲಿ ಈ ಹವ್ಯಾಸಕ್ಕೆ ನಿಜವಾಗಿ ಎಷ್ಟು ಬೇಕು, ದುಡ್ಡು ಎಲ್ಲಿ ಸೋರುತ್ತದೆ, ಬೇರೆ ಬೇರೆ ತಾಲ್ಲೂಕಿನವರು ಹೇಗೆ ಪ್ಲಾನ್ ಮಾಡಿದರೆ ವರ್ಷ ಪೂರ್ತಿ ನಿಭಾಯಿಸಬಹುದು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ನಮ್ಮ ಸುತ್ತ ಏನೇನಿದೆ?

ಮಣ್ಣಿನ ಟ್ರ್ಯಾಕ್ ಓಟ ಅಂದರೆ ಅಮೆರಿಕದಲ್ಲಿ ಮೊಟ್ಟೆಯಾಕಾರದ ಮಣ್ಣಿನ ರಸ್ತೆಯಲ್ಲಿ ಕಾರುಗಳು ಅಡ್ಡಡ್ಡ ಜಾರುತ್ತಾ ಸುತ್ತುವ ಆಟ. ಓಹಿಯೋ ರಾಜ್ಯದ ಎಲ್ಡೋರಾ ಟ್ರ್ಯಾಕ್ 1954ರಿಂದ ಇದೆ. ಅಯೋವಾ ರಾಜ್ಯದ ನಾಕ್ಸ್‌ವಿಲ್‌ನಲ್ಲಿ 1961ರಿಂದ ಪ್ರತಿ ಆಗಸ್ಟ್‌ನಲ್ಲಿ ದೊಡ್ಡ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಸೀಸನ್ ಶುರುವಾಗುವ ಮೊದಲೇ ವರ್ಷದ ದಿನಾಂಕಗಳ ಪಟ್ಟಿ ಕೈಗೆ ಸಿಗುತ್ತದೆ. ಹವ್ಯಾಸಿ ಫೋಟೋಗ್ರಾಫರ್ ಆ ಪಟ್ಟಿ ಹಿಡಿದು ರಜೆ, ಪ್ರಯಾಣ, ಖರ್ಚು ಎಲ್ಲ ಹೊಂದಿಸಿಕೊಳ್ಳುತ್ತಾನೆ.

ನಮ್ಮಲ್ಲಿ ಅಂಥ ವಾರಾವಾರದ ಕಾರ್ ಟ್ರ್ಯಾಕ್ ಇಲ್ಲ. ಆದರೆ ಮಣ್ಣಿನ ಓಟಕ್ಕೆ ಬರವಿಲ್ಲ. ಮನೆ ಹತ್ತಿರ ಎತ್ತಿನಗಾಡಿ ಓಟ ಇದೆ. ಹಳ್ಳಿಕಾರ್ ತಳಿಯ ಸೀಮೆ ನಮ್ಮದು, ಪಕ್ಕದ ಮಂಡ್ಯದಲ್ಲಂತೂ ರಾಜ್ಯಮಟ್ಟದ ಓಟಗಳೇ ನಡೆಯುತ್ತವೆ. ಮೈಸೂರಿನಲ್ಲಿ ದಸರಾ ಹೊತ್ತಿಗೆ ಲಲಿತಮಹಲ್ ಅರಮನೆ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಕಾರು, ಬೈಕುಗಳ ಗ್ರಾವೆಲ್ ಫೆಸ್ಟ್ ಹಲವು ಬಾರಿ ನಡೆದಿದೆ. ಬೆಂಗಳೂರಿನ ಚಿಕ್ಕಜಾಲದಲ್ಲಿ 2024ರ ಫೆಬ್ರುವರಿಯಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್‌ನ ಮೊದಲ ಸೀಸನ್‌ನ ಕೊನೆ ಸುತ್ತು ನಡೆಯಿತು. ಕೋಲಾರದ ಕಡೆ ಮಣ್ಣಿನ ಬೈಕ್ ತರಬೇತಿಗೆಂದೇ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ. ಅದನ್ನು ಕಟ್ಟಿದವರು ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಕೂಡ ಬೆಂಗಳೂರಿನವರೇ. ಇನ್ನು ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳು ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳನ್ನು ಹಲವು ವರ್ಷ ಕಂಡಿವೆ.

ಅಂದರೆ ರಾಮನಗರದಿಂದ ಒಂದು ದಿನದಲ್ಲಿ ಹೋಗಿ ಬರುವ ದೂರದಲ್ಲೇ ಮುಕ್ಕಾಲು ಪಾಲು ಸೀಸನ್ ಇದೆ. ಕಷ್ಟ ಇರೋದು ದಿನಾಂಕದ್ದು. ಮೋಟಾರ್ ರೇಸ್‌ಗಳ ಪಟ್ಟಿಯನ್ನು ರಾಷ್ಟ್ರೀಯ ಒಕ್ಕೂಟ ಎಫ್‌ಎಂಎಸ್‌ಸಿಐ ಹೊರಡಿಸುತ್ತದೆ, ಆದರೂ ದಿನ ಮುಂದೆ ಹಿಂದೆ ಆಗುವುದುಂಟು. ಹಳ್ಳಿ ಓಟದ್ದಂತೂ ಫ್ಲೆಕ್ಸ್ ಕಟ್ಟಿದ ಮೇಲೇ ಗೊತ್ತಾಗೋದು. ದಿನಾಂಕ ಗೊತ್ತಿಲ್ಲದವನು ಕೊನೆ ಗಳಿಗೆಯಲ್ಲಿ ಹೊರಡುತ್ತಾನೆ, ಕೊನೆ ಗಳಿಗೆಯಲ್ಲಿ ಹೊರಟವನಿಗೆ ಎಲ್ಲವೂ ದುಬಾರಿ.

18 ಸಾವಿರದ ಸೀಸನ್

ಲೆಕ್ಕಕ್ಕೆ ಚನ್ನಪಟ್ಟಣದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗನನ್ನು ಇಟ್ಟುಕೊಳ್ಳೋಣ. ಅವನ ಹತ್ತಿರ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಮತ್ತು 55–250 ಲೆನ್ಸ್ ಇದೆ. ಲೀಟರ್‌ಗೆ 45 ಕಿ.ಮೀ. ಕೊಡುವ ಬೈಕ್ ಇದೆ. ತಿಂಗಳಿಗೆ 1,500 ರೂಪಾಯಿ ಎತ್ತಿಡಬಲ್ಲ, ವರ್ಷಕ್ಕೆ 18,000. ಪೆಟ್ರೋಲ್ ಲೀಟರ್‌ಗೆ ನೂರು ದಾಟಿರುವ ಈ ಹೊತ್ತಿನಲ್ಲಿ ಅವನ ಖರ್ಚನ್ನು ಅಂದಾಜಿಗೆ ಹೀಗೆ ಹಂಚಬಹುದು.

ಎತ್ತಿನಗಾಡಿ ಓಟ 6 ದಿನ: ಹೋಗಿ ಬರಲು 60 ಕಿ.ಮೀ. ಒಳಗೆ, ಊಟ–ನೀರು ಸೇರಿ ದಿನಕ್ಕೆ 300ರಂತೆ 1,800.

ಬೆಂಗಳೂರು, ಕೋಲಾರ ಕಡೆಯ ಬೈಕ್ ರೇಸ್ 2 ದಿನ: ದಿನಕ್ಕೆ ಸಾವಿರದಂತೆ 2,000.

ಮೈಸೂರು ದಸರಾ ಗ್ರಾವೆಲ್ ಫೆಸ್ಟ್ 2 ದಿನ: ರೈಲಲ್ಲಿ ಹೋದರೆ ದಿನಕ್ಕೆ 500ರಂತೆ 1,000.

ಚಿಕ್ಕಮಗಳೂರು ರ‍್ಯಾಲಿ 3 ದಿನ, 2 ರಾತ್ರಿ: ಪೆಟ್ರೋಲ್ 1,000, ಇಬ್ಬರು ಹಂಚಿಕೊಂಡ ರೂಮಿಗೆ ತನ್ನ ಪಾಲು 1,200, ಊಟ 800, ಒಟ್ಟು 3,000.

ಇಷ್ಟಕ್ಕೆ 7,800 ಆಯಿತು. ಮೆಮೊರಿ ಕಾರ್ಡ್, ಒಂದು ಹೆಚ್ಚುವರಿ ಬ್ಯಾಟರಿ, ಮಳೆ–ದೂಳಿನ ಕವರ್‌ಗೆ 3,000. ಸೆನ್ಸರ್ ಕ್ಲೀನಿಂಗ್ ಮತ್ತು ರಿಪೇರಿಗೆಂದು ಎತ್ತಿಡಬೇಕಾದ್ದು 3,000. ಪ್ರಿಂಟ್ ಹಾಕಿಸಲು 2,000. ಎಲ್ಲ ಸೇರಿ 15,800. ಕೈಯಲ್ಲಿ ಇನ್ನೂ 2,200 ಉಳಿಯುತ್ತದೆ. ಓಟ ಮುಂದಕ್ಕೆ ಹೋಗಿ ಎರಡು ಸಲ ಹೋಗಬೇಕಾದರೆ, ದಾರಿಯಲ್ಲಿ ಟೈರ್ ಕೈಕೊಟ್ಟರೆ ಅದು ಬೇಕೇ ಬೇಕು.

ಈಗ ಲೆನ್ಸ್ ಪಕ್ಕ ನೋಡಿ. 60,000 ರೂಪಾಯಿಯ ಲೆನ್ಸ್‌ಗೆ 12 ಕಂತು ಎಂದರೆ ಬಡ್ಡಿ ಬಿಟ್ಟು ತಿಂಗಳಿಗೆ 5,000. ನಾಲ್ಕು ಕಂತು ಕಟ್ಟುವಷ್ಟರಲ್ಲಿ ಮೇಲಿನ 13 ದಿನಗಳ ಪೂರಾ ಸೀಸನ್ ಮುಗಿಸಿ, ಚಿಲ್ಲರೆಯೂ ಉಳಿದಿರುತ್ತಿತ್ತು. ಲೆನ್ಸ್ ತಗೊಂಡವನ ಹತ್ತಿರ ಲೆನ್ಸ್ ಇರುತ್ತದೆ, ತೆಗೆಯಲು ರೇಸ್ ಇರುವುದಿಲ್ಲ.

ಹಳೆ ಲೆನ್ಸ್‌ನಲ್ಲೇ ಆಗುತ್ತದೆಯೇ?

ಆಗುತ್ತದೆ. ಅದಕ್ಕೆ ಕಾರಣವಿದೆ. ಎತ್ತಿನ ಓಟ, ಗ್ರಾವೆಲ್ ಫೆಸ್ಟ್, ರ‍್ಯಾಲಿ ಬಹುಪಾಲು ಹಗಲಲ್ಲೇ ನಡೆಯುತ್ತವೆ. ನಮ್ಮ ಬಿಸಿಲಿನಲ್ಲಿ ಬೆಳಕಿಗೆ ಕೊರತೆಯಿಲ್ಲ. ಗಾಳಿಯಲ್ಲಿ ಹಾರಿದ ಬೈಕನ್ನು ನಿಲ್ಲಿಸಿ ತೋರಿಸಲು ಶಟರ್ ವೇಗ 1/1000 ಅಥವಾ ಅದಕ್ಕಿಂತ ಜಾಸ್ತಿ ಬೇಕು, ಸಾಧಾರಣ ಲೆನ್ಸ್ ಅದನ್ನು ಹಗಲಲ್ಲಿ ಕೊಡುತ್ತದೆ. ಎತ್ತಿನ ಜೊತೆ ಕ್ಯಾಮೆರಾವನ್ನೂ ತಿರುಗಿಸುತ್ತಾ ಹಿನ್ನೆಲೆ ಓಡಿದಂತೆ ತೆಗೆಯಲು ಉಲ್ಟಾ ಕಡಿಮೆ ವೇಗ ಬೇಕು, 1/125ರಿಂದ 1/60. ಅಲ್ಲಿ ಲೆನ್ಸ್ ರೇಟಿಗಿಂತ ಸೊಂಟ ಎಷ್ಟು ಸಲೀಸಾಗಿ ತಿರುಗುತ್ತೆ ಅನ್ನೋದೇ ಮುಖ್ಯ. ಅದು ಬರೋದು ಅಭ್ಯಾಸದಿಂದ. ಆರು ಎತ್ತಿನ ಓಟಕ್ಕೆ ಹೋದವನಿಗೆ ಆ ಅಭ್ಯಾಸ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ.

ದುಬಾರಿ ಲೆನ್ಸ್ ನಿಜಕ್ಕೂ ಬೇಕಾಗುವುದು ಸಂಜೆ ಲೈಟಿನಲ್ಲಿ ನಡೆಯುವ ರೇಸ್‌ಗಳಿಗೆ. ವರ್ಷಕ್ಕೆ ಒಂದೋ ಎರಡೋ ಅಂಥ ದಿನ ಇದ್ದರೆ ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಲೆನ್ಸ್ ಸಿಗುತ್ತದೆ.

ದೂಳು ಮಾತ್ರ ಯಾರನ್ನೂ ಬಿಡುವುದಿಲ್ಲ. ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಹಿಟ್ಟಿನಂತೆ ಏಳುತ್ತದೆ. ಟ್ರ್ಯಾಕ್ ಪಕ್ಕ ಲೆನ್ಸ್ ಬಿಚ್ಚಿದರೆ ಕಥೆ ಮುಗಿದಂತೆ, ಮನೆಯಲ್ಲೇ ಹಾಕಿಕೊಂಡು ಹೋದ ಲೆನ್ಸನ್ನು ಮನೆಗೆ ಬಂದೇ ಬಿಚ್ಚಬೇಕು. ಗಾಳಿ ಎತ್ತ ಕಡೆಯಿಂದ ಬೀಸುತ್ತಿದೆ ನೋಡಿ ಅತ್ತ ಬೆನ್ನು ಮಾಡಿ ನಿಂತರೆ ದೂಳು ಟ್ರ್ಯಾಕ್‌ನಿಂದ ಆಚೆ ಹೋಗುತ್ತದೆ. ಪ್ಲಾಸ್ಟಿಕ್ ಕವರ್‌ಗೆ ಲೆನ್ಸ್ ಮೂತಿಯಷ್ಟು ತೂತು ಮಾಡಿ ರಬ್ಬರ್ ಬ್ಯಾಂಡ್ ಹಾಕಿದರೆ ಅರ್ಧ ದೂಳು ತಡೆಯುತ್ತದೆ. ಬಾಯಲ್ಲಿ ಊದಬಾರದು, ಎಂಜಲು ಹನಿ ಅಂಟಿದರೆ ಕ್ಲೀನಿಂಗ್ ಖರ್ಚು ಇನ್ನೂ ಜಾಸ್ತಿ.

ತಾಲ್ಲೂಕು ಬೇರೆ, ದಾರಿ ಬೇರೆ

ಒಂದೇ ಜಿಲ್ಲೆಯಾದರೂ ಎಲ್ಲರ ಖರ್ಚೂ ಒಂದೇ ಅಲ್ಲ. ರಾಮನಗರ ಮತ್ತು ಚನ್ನಪಟ್ಟಣ ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿವೆ. ದಸರಾಗೆ ಹೋಗುವವರಿಗೆ ಇದು ದೊಡ್ಡ ಉಳಿತಾಯ. ಬೈಕಲ್ಲಿ ಹೋಗುವವರು ಒಂದು ನೆನಪಿಡಬೇಕು: 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಅದೇ ವರ್ಷ ಆಗಸ್ಟ್ 1ರಿಂದ ಬೈಕ್, ಆಟೊಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಹಂಪು, ಊರು, ಸಿಗ್ನಲ್ ಎಲ್ಲ ದಾಟಬೇಕು. ಬೆಳಿಗ್ಗೆ 8ರ ಓಟಕ್ಕೆ ಮುಂಚೆಯೇ ಮುಟ್ಟಬೇಕಾದವನು ಈ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕನಕಪುರ, ಮಾಗಡಿಗೆ ರೈಲಿಲ್ಲ. ಕನಕಪುರದವರು ಮಳವಳ್ಳಿ ಕಡೆಯಿಂದ ಮೈಸೂರು ಬಸ್ ಹಿಡಿಯಬಹುದು, ಇಲ್ಲವೇ ರಾಮನಗರಕ್ಕೆ ಬಂದು ರೈಲು ಹತ್ತಬಹುದು. ಮಾಗಡಿಯವರಿಗೆ ಮೈಸೂರು ಸುತ್ತು, ಆದರೆ ಕುಣಿಗಲ್ ಮೇಲೆ ಹಾಸನದ ಹೆದ್ದಾರಿ ಹತ್ತಿರ. ಹಾಗಾಗಿ ಚಿಕ್ಕಮಗಳೂರು ರ‍್ಯಾಲಿಗೆ ಜಿಲ್ಲೆಯಲ್ಲಿ ಅನುಕೂಲ ಇರೋದು ಮಾಗಡಿಯವರಿಗೇ. ಮಾಗಡಿ ರಂಗನಾಥಸ್ವಾಮಿ ಜಾತ್ರೆಗೆ ಸೇರುವ ದನಗಳ ಪರಿಷೆ ಅವರಿಗೆ ಇನ್ನೊಂದು ಲಾಭ. ಓಟದ ಎತ್ತು ಸಾಕುವವರ ಪರಿಚಯ ಆಗುವುದು, ಮುಂದಿನ ಓಟ ಎಲ್ಲಿ, ಯಾವಾಗ ಎಂಬ ಸುದ್ದಿ ಸಿಗುವುದು ಅಂಥ ಕಡೆಯೇ.

ಹೆಣ್ಣುಮಕ್ಕಳು ಈ ಹವ್ಯಾಸಕ್ಕೆ ಬಂದರೆ ಖರ್ಚು ಇನ್ನೂ ಇಳಿಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್‌ಗಳಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಮೇಲಿನ ಪಟ್ಟಿಯಲ್ಲಿ ಪೆಟ್ರೋಲ್‌ಗೆ ಹೋಗುವ ದುಡ್ಡಿನ ಬಹುಪಾಲು ಉಳಿದಂತೆಯೇ.

ಎಲ್ಲಿ ನಿಲ್ಲಬೇಕು, ಯಾವುದಕ್ಕೆ ಹೋಗಬಾರದು

ಬಜೆಟ್‌ನಲ್ಲಿ ಆಸ್ಪತ್ರೆ ಖರ್ಚಿಗೆ ಜಾಗ ಇಲ್ಲ. ಎತ್ತಿನ ಓಟದಲ್ಲಿ ಎಲ್ಲರಿಗೂ ಗೆರೆ ದಾಟುವ ಜಾಗದಲ್ಲೇ ಎದುರು ನಿಂತು ತೆಗೆಯುವ ಆಸೆ. ಅಪಾಯ ಇರೋದೂ ಅಲ್ಲೇ. ಗೆರೆ ದಾಟಿದ ಎತ್ತು ತಕ್ಷಣ ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಜನರೊಳಗೆ ನುಗ್ಗಬಹುದು. ಮಧ್ಯದ ಭಾಗದಲ್ಲಿ, ಎತ್ತರದ ಬದು ಅಥವಾ ನಿಲ್ಲಿಸಿದ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ನಿಂತರೆ ಪಕ್ಕದಿಂದ ಒಳ್ಳೆ ಚಿತ್ರವೂ ಸಿಗುತ್ತದೆ. ರ‍್ಯಾಲಿಯಲ್ಲಿ ತಿರುವಿನ ಹೊರಬದಿಗೆ ನಿಲ್ಲಲೇಬಾರದು, ಜಾರಿದ ಕಾರು ಬರುವುದು ಆ ಕಡೆಗೇ. ಅಲ್ಲದೆ ರ‍್ಯಾಲಿ ದಾರಿಯನ್ನು ಮೊದಲ ಕಾರು ಬರುವ ಬಹಳ ಮುಂಚೆಯೇ ಮುಚ್ಚುತ್ತಾರೆ. ಒಳಗೆ ಹೋದವರು ಮುಗಿಯುವವರೆಗೂ ಹೊರಬರುವಂತಿಲ್ಲ, ಬುತ್ತಿ–ನೀರು ಜೊತೆಗೇ ಇರಬೇಕು.

ಕಾನೂನಿನ ಮಾತೂ ಇದೆ. ಎತ್ತಿನಗಾಡಿ ಓಟ ಮತ್ತು ಕಂಬಳಕ್ಕೆ ರಾಜ್ಯ 2017ರಲ್ಲಿ ತಿದ್ದುಪಡಿ ಕಾಯ್ದೆ ತಂದಿತು, ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2023ರ ಮೇ 18ರಂದು ಅದನ್ನು ಎತ್ತಿಹಿಡಿಯಿತು. ಹಾಗೆಂದು ಎತ್ತಿಗೆ ಹಿಂಸೆ ಕೊಟ್ಟು ಓಡಿಸಲು ಅನುಮತಿ ಸಿಕ್ಕಿದೆ ಎಂದಲ್ಲ. ಬಾಲ ತಿರುಚುವುದು, ಚುಚ್ಚುವುದು ಈಗಲೂ ತಪ್ಪೇ. ಫೋಟೋ ಅದನ್ನೂ ತೋರಿಸುತ್ತದೆ ಎಂಬುದು ಓಡಿಸುವವರಿಗೂ ತೆಗೆಯುವವರಿಗೂ ಗೊತ್ತಿರಲಿ.

ಇನ್ನು ಹೆದ್ದಾರಿ ಪಕ್ಕ ಹುಡುಗರು ನಡೆಸುವ ಬೈಕ್ ಪಂದ್ಯ, ವೀಲಿಂಗ್ ರೀಲ್ಸ್. ಸಾರ್ವಜನಿಕ ಜಾಗದಲ್ಲಿ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ವಾಹನ ಪಂದ್ಯ ನಡೆಸಲು ಬಿಡುವುದು, ಅದರಲ್ಲಿ ಭಾಗವಹಿಸುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ವೀಡಿಯೊ ತೆಗೆಯಲು ಹೋದವನ ಫೋನು, ಕ್ಯಾಮೆರಾ ಸಾಕ್ಷಿಯಾಗಿ ಠಾಣೆ ಸೇರಿದರೆ ಸೀಸನ್ ಅಲ್ಲಿಗೇ ಮುಗಿಯುತ್ತದೆ. ಪುಕ್ಕಟೆ ಸಿಗುವ ರೇಸ್ ಎಂದು ಅದನ್ನು ಪಟ್ಟಿಗೆ ಸೇರಿಸಿಕೊಳ್ಳಬಾರದು.

ಫೋಟೋ ಯಾರದ್ದು?

‘ಫೋಟೋ ಕಳ್ಸಪ್ಪ, ನಿನ್ ಹೆಸ್ರು ಹಾಕ್ತೀವಿ’ ಎಂಬ ಮಾತನ್ನು ಈ ಹುಡುಗರೆಲ್ಲ ಕೇಳಿರುತ್ತಾರೆ. ಮುಂದಿನ ವರ್ಷದ ಫ್ಲೆಕ್ಸ್‌ನಲ್ಲಿ ಅದೇ ಫೋಟೋ ಇರುತ್ತದೆ, ಹೆಸರಿರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಫೋಟೋ ತೆಗೆದವನೇ ಅದರ ಮೊದಲ ಮಾಲೀಕ. ಅವನ ಪಾಡಿಗೆ ಹೋಗಿ ತೆಗೆದ ಚಿತ್ರವನ್ನು ಗ್ರೂಪ್‌ಗೆ ಹಾಕಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಪ್ರಕಟವಾದ ಮರುವರ್ಷದಿಂದ 60 ವರ್ಷ ಆ ಹಕ್ಕು ಇರುತ್ತದೆ.

ಆದರೆ ಒಂದು ತಿರುವಿದೆ. ಕಮಿಟಿಯವರು ದುಡ್ಡು ಕೊಟ್ಟು ‘ನಮ್ಮ ಓಟ ತೆಗೆದುಕೊಡು’ ಎಂದು ಒಪ್ಪಿಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಆ ಫೋಟೋಗಳ ಮೊದಲ ಮಾಲೀಕರು ದುಡ್ಡು ಕೊಟ್ಟವರೇ. ಸಾವಿರ ರೂಪಾಯಿ ಸಿಕ್ಕಿತು ಎಂದು ಖುಷಿಪಟ್ಟವನು ಆಮೇಲೆ ಅದೇ ಚಿತ್ರವನ್ನು ಸ್ಪರ್ಧೆಗೆ ಕಳುಹಿಸಲು, ಪತ್ರಿಕೆಗೆ ಮಾರಲು ಅವರ ಒಪ್ಪಿಗೆ ಕೇಳಬೇಕಾಗುತ್ತದೆ. ಅದಕ್ಕೆ ವಕೀಲರೇ ಬೇಕೆಂದಿಲ್ಲ. ‘ಓಟದ ಪ್ರಚಾರಕ್ಕೆ ಬಳಸಿಕೊಳ್ಳಿ, ಹಕ್ಕು ನನ್ನದೇ’ ಎಂಬ ಎರಡು ಸಾಲನ್ನು ಮೊದಲೇ ವಾಟ್ಸಾಪ್‌ನಲ್ಲಿ ಕಳುಹಿಸಿ ‘ಆಯ್ತು’ ಎನಿಸಿಕೊಂಡರೂ ಮುಂದೆ ತೋರಿಸಲು ದಾಖಲೆ ಇರುತ್ತದೆ.

ಗಳಿಕೆಯ ದಾರಿ ಇರೋದು ಎತ್ತಿನ ಯಜಮಾನರ ಹತ್ತಿರ. ಲಕ್ಷಗಟ್ಟಲೆ ಕೊಟ್ಟು ಜೋಡಿ ಕಟ್ಟಿದವರು ಗೆದ್ದ ದಿನದ ಚಿತ್ರವನ್ನು ನಡುಮನೆಯ ಗೋಡೆಗೆ ಹಾಕಲು ಬಯಸುತ್ತಾರೆ. ಹಾಗೆಂದು ಎಲ್ಲರಿಗೂ ಪ್ರಿಂಟ್ ಹಾಕಿಸಿಡಬಾರದು. ಮೊಬೈಲ್‌ನಲ್ಲಿ ಚಿಕ್ಕದಾಗಿ ತೋರಿಸಿ, ಬೇಕು ಎಂದವರಿಂದ ಮುಂಗಡ ಪಡೆದು, ಆಮೇಲೆ ಊರಿನ ಸ್ಟುಡಿಯೋ, ಫ್ರೇಮ್ ಅಂಗಡಿಗೆ ಕೊಡಬೇಕು. ಓಟಕ್ಕೆ ನಾಲ್ಕು ಫ್ರೇಮ್ ಹೋದರೂ ಆ ದಿನದ ಪೆಟ್ರೋಲ್, ಊಟ ಗಿಟ್ಟುತ್ತದೆ, ಫ್ರೇಮ್ ಅಂಗಡಿಯವರಿಗೂ ವ್ಯಾಪಾರ.

ಕಮಿಟಿಯವರು ಏನು ಮಾಡಬಹುದು

ಇದು ಹುಡುಗರ ಶೋಕಿ ಎಂದು ತಳ್ಳಿಹಾಕಿದರೆ ನಷ್ಟ ಊರಿಗೂ ಇದೆ. ಓಟದ ದಿನ ಕಬ್ಬಿನ ಹಾಲು, ಟೀ, ಬಿರಿಯಾನಿ, ಪಂಕ್ಚರ್ ಅಂಗಡಿ ಎಲ್ಲರಿಗೂ ನಾಲ್ಕು ಕಾಸು ಆಗುತ್ತದೆ. ಮುಂದಿನ ವರ್ಷ ಹೊರಗಿನ ಜನ ಬರಬೇಕಾದರೆ ಈ ವರ್ಷದ ಒಳ್ಳೆ ಚಿತ್ರಗಳು ಹೊರಗೆ ಹೋಗಿರಬೇಕು. ಹತ್ತು ವರ್ಷದ ಹಿಂದೆ ಗೆದ್ದ ಜೋಡಿ ಯಾವುದು ಎಂದು ಕೇಳಿದರೆ ಎಷ್ಟೋ ಊರಲ್ಲಿ ಬಾಯಿಮಾತು ಬಿಟ್ಟು ಒಂದು ಚಿತ್ರವೂ ಸಿಗುವುದಿಲ್ಲ.

ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಅನುಮತಿ ಸಿಕ್ಕ ದಿನವೇ ಓಟದ ದಿನಾಂಕ ಮತ್ತು ಶುರುವಾಗುವ ಗಂಟೆಯನ್ನು ಗ್ರೂಪ್‌ಗಳಲ್ಲಿ ಹಾಕುವುದು, ಮುಂದಕ್ಕೆ ಹೋದರೆ ಹಿಂದಿನ ದಿನ ಸಂಜೆಯೊಳಗೆ ತಿಳಿಸುವುದು, ಟ್ರ್ಯಾಕ್‌ನ ಮಧ್ಯಭಾಗದಲ್ಲಿ ಬ್ಯಾರಿಕೇಡ್ ಹಿಂದೆ ಕ್ಯಾಮೆರಾದವರಿಗೆಂದು ಹತ್ತು ಅಡಿ ಜಾಗ ಬಿಟ್ಟು ಹೆಸರು ಬರೆಸಿಕೊಂಡು ಒಳಗೆ ಬಿಡುವುದು. ಫ್ಲೆಕ್ಸ್‌ಗೆ ಫೋಟೋ ಬಳಸಿದರೆ ಕೆಳಗೆ ತೆಗೆದವರ ಹೆಸರು ಹಾಕಿಸುವುದು. ಎಲ್ಲ ತಾಲ್ಲೂಕಿನ ಕಮಿಟಿಗಳು ಇಷ್ಟು ಮಾಡಿದರೆ ಚನ್ನಪಟ್ಟಣದ ಆ ಹುಡುಗ ತಿಂಗಳಿಗೆ 1,500 ರೂಪಾಯಿಯಲ್ಲೇ, ಯಾರಿಗೂ ಕಂತು ಕಟ್ಟದೆ, ಮುಂದಿನ ಸಂಕ್ರಾಂತಿಗೂ ಕ್ಯಾಮೆರಾ ಹಿಡಿದು ಬರಬಹುದು.